ಹಿಡಿಯಿಲ್ಲದ ಬಟ್ಟಲು

ಕೊಡಗು ಕಾಫಿಯ ಸೀಮೆ. 1854ರಲ್ಲಿ ಜಾನ್ ಫೌಲರ್ ಎಂಬ ಆಂಗ್ಲನು ಮಡಿಕೇರಿಯ ಬಳಿ ತೋಟ ಹಾಕಿದ ಮೇಲೆ ಈ ಬೆಟ್ಟಗಳ ಬದುಕು ಆ ಗಿಡವನ್ನೇ ಆಶ್ರಯಿಸಿ ಬೆಳೆದಿದೆ. ಬೆಲ್ಲದ ಕಾಫಿ ಕೊಡದೆ ನೆಂಟರನ್ನು ಕಳುಹಿಸುವ ಮನೆ ಇಲ್ಲಿ ಸಿಗುವುದು ಕಷ್ಟ. ಇಂಥ ಸೀಮೆಯಲ್ಲಿ ಕುಳಿತು ಚಹದ ಬಟ್ಟಲಿನ ಮಾತೆತ್ತಿದರೆ ಕೆಲವರು ಹುಬ್ಬೇರಿಸಿಯಾರು. ಆದರೆ ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾದಲ್ಲಿ ಚಹದ ತೋಟವೂ ಉಂಟು. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರಗಳ ಬೀದಿಯಂಗಡಿಗಳಲ್ಲಿ ‘ಒಂದು ಚಾಯ’ ಎಂಬ ಕೂಗೂ ಬೆಳಗಿನಿಂದ ಸಂಜೆಯವರೆಗೆ ಉಂಟು. ಕುಡಿಯುವ ವಸ್ತುವನ್ನು ಕುರಿತು ನಾವು ಬೇಕಾದಷ್ಟು ಮಾತನಾಡುತ್ತೇವೆ. ಅದನ್ನು ತುಟಿಗೆ ತರುವ ಪಾತ್ರೆಯನ್ನು ಕುರಿತು ಮಾತ್ರ ಯೋಚಿಸುವುದಿಲ್ಲ. ಈಗೀಗ ಪೇಟೆಯ ಅಂಗಡಿಗಳಲ್ಲಿಯೂ ವಸ್ತುಪ್ರದರ್ಶನಗಳಲ್ಲಿಯೂ ಕೈಯಿಂದ ಮಾಡಿದ ಮಣ್ಣಿನ ಚಹದ ಬಟ್ಟಲುಗಳು ಕಾಣಿಸಿಕೊಳ್ಳುತ್ತಿವೆ. ಜನ ಅಂದ ನೋಡಿ ಕೈಗೆತ್ತಿಕೊಳ್ಳುತ್ತಾರೆ, ಬೆಲೆ ಕೇಳಿ ಕೆಳಗಿಡುತ್ತಾರೆ. ಅದು ಹೇಗಾಗುತ್ತದೆ, ಯಾವುದನ್ನು ನಂಬಿ ಬಾಯಿಗೆ ಹಚ್ಚಬಹುದು, ಆ ಬೆಲೆ ಏಕೆ—ಇಷ್ಟನ್ನು ತಿಳಿದು ಕೊಳ್ಳುವುದು ಮೇಲು, ತಿಳಿದು ಬಿಡುವುದೂ ಮೇಲು.

ಮೊದಲು ಮಾತಿನ ವಿಚಾರ. ಕನ್ನಡ ಪಂಡಿತನಾದವನಿಗೆ ಅದನ್ನು ದಾಟಿ ಮುಂದೆ ಹೋಗಲು ಮನಸ್ಸು ಬಾರದು. ಚಹ, ಚಾಯ, ಟೀ—ಮೂರೂ ಚೀಣದೇಶದ ಒಂದೇ ಗಿಡದ ಹೆಸರುಗಳು. ಆ ದೇಶದ ಬಹುಭಾಗದಲ್ಲಿ ಅದು ‘ಚಾ’. ಫೂಜಿಯನ್ ಕರಾವಳಿಯ ನುಡಿಯಲ್ಲಿ ‘ತೆ’. ನೆಲದ ದಾರಿ ಹಿಡಿದು ಪಾರಸಿಕರ ನಾಡನ್ನು ಹಾಯ್ದು ಬಂದುದು ‘ಚಾಯ’ ಆಯಿತು. ಡಚ್ಚರ ಹಡಗನ್ನೇರಿ ಯೂರೋಪಿಗೆ ಹೋದುದು ‘ಟೀ’ ಆಯಿತು. ಗಿಡದ ಹೆಸರು ಹೀಗೆ ಹೊರಗಿನಿಂದ ಬಂದರೂ ಪಾತ್ರೆಯ ಹೆಸರು ನಮ್ಮದೇ. ‘ಬಟ್ಟ’ ಎಂದರೆ ದುಂಡಾದುದು. ‘ಬಟ್ಟಲು’ ಅದರ ನಂಟಿನ ಮಾತು. ದುಂಡಗಿದೆ, ಬಾಯಿ ತೆರೆದಿದೆ. ಹಿಡಿಯ ಸೂಚನೆ ಆ ಮಾತಿನಲ್ಲಿ ಎಲ್ಲಿಯೂ ಇಲ್ಲ.

ಚಹದ ಮೂಲಪಾತ್ರೆಯೂ ಹಾಗೆಯೇ ಹಿಡಿಯಿಲ್ಲದ್ದು. ಎಂಟನೆಯ ಶತಮಾನದಲ್ಲಿ ಚಹವನ್ನು ಕುರಿತು ಶಾಸ್ತ್ರಗ್ರಂಥವನ್ನೇ ಬರೆದ ಚೀಣದ ಲೂ ಯೂ ಎಂಬ ವಿದ್ವಾಂಸನು ಯಾವ ಸೀಮೆಯ ಬಟ್ಟಲು ಮೇಲು ಎಂದು ತಾರತಮ್ಯ ಮಾಡಿ, ಯುಯೆ ಸೀಮೆಯ ಹಸುರು ಛಾಯೆಯ ಬಟ್ಟಲಿಗೆ ಮೊದಲ ಸ್ಥಾನ ಕೊಟ್ಟನು. ಅದರಲ್ಲಿ ಚಹದ ಬಣ್ಣ ಒಪ್ಪವಾಗಿ ಕಾಣುತ್ತದೆಂಬುದು ಅವನ ಕಾರಣ. ಅಷ್ಟು ದೂರ ಹೋಗುವುದೇಕೆ? ಕುಶಾಲನಗರದಿಂದ ಕಾವೇರಿಯನ್ನು ದಾಟಿದರೆ ಬೈಲಕುಪ್ಪೆ. 1960ರ ದಶಕದ ಮೊದಲಲ್ಲಿ ಅಲ್ಲಿ ನೆಲೆನಿಂತ ಟಿಬೆಟನ್ನರು ಚಹವನ್ನು ಕುದಿಸಿ, ಬೆಣ್ಣೆ ಉಪ್ಪು ಹಾಕಿ, ಮರದ ನೀಳವಾದ ಕೊಳವೆಯಲ್ಲಿ ಕಡೆದು ಕುಡಿಯುವ ಪದ್ಧತಿಯವರು. ಅವರ ನಾಡಿನಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಆದ ಮರದ ಬಟ್ಟಲು. ಪಯಣ ಹೊರಟಾಗ ಅದನ್ನು ನಿಲುವಂಗಿಯ ಮಡಿಕೆಯಲ್ಲಿ ಸೇರಿಸಿಕೊಳ್ಳುವುದು ವಾಡಿಕೆ. ಅದಕ್ಕೂ ಹಿಡಿಯಿಲ್ಲ.

ಹಿಡಿ ಬಂದುದು ಯೂರೋಪಿನಲ್ಲಿ, ಬಹುಮಟ್ಟಿಗೆ ಹದಿನೆಂಟನೆಯ ಶತಮಾನದಲ್ಲಿ. ಚೀಣದಿಂದ ಹಡಗಿನಲ್ಲಿ ಬಂದ ಪಿಂಗಾಣಿ ಬಟ್ಟಲುಗಳು ತೆಳು, ಒತ್ತಾದ ಮೈಯವು. ಕುದಿಯುವ ಚಹವನ್ನು ಹೊಯ್ದರೆ ಬಿಸಿ ಬೇಗನೆ ಬೆರಳಿಗೆ ತಾಗುತ್ತಿತ್ತು. ಹಾಲು ಸಕ್ಕರೆ ಬೆರೆಸಿ ಬಿಸಿಬಿಸಿಯಾಗಿ ಕುಡಿಯುವ ಅಭ್ಯಾಸ ಬೆಳೆದಂತೆ ಬಟ್ಟಲಿಗೆ ಕಿವಿ ಮೂಡಿತು, ಅಡಿಗೆ ಬಸಿ ಬಂದಿತು. ನಮ್ಮ ಹಿರಿಯರು ಬಸಿಗೆ ಬಗ್ಗಿಸಿಕೊಂಡು ಆರಿಸಿ ಕುಡಿಯುತ್ತಿದ್ದುದನ್ನು ನೋಡಿ ನಕ್ಕವರುಂಟು. ಆದರೆ ಅದರಲ್ಲಿ ವಿವೇಕವಿತ್ತು. 65 ಡಿಗ್ರಿಗಿಂತ ಹೆಚ್ಚು ಬಿಸಿಯಾದ ಪಾನೀಯವನ್ನು ಸದಾ ಕುಡಿಯುವುದು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ ತೀರ್ಮಾನಿಸಿತು. ಹಿಡಿಯಿಲ್ಲದ ಬಟ್ಟಲಿನ ಗುಣ ಇಲ್ಲಿಯೇ ಇದೆ: ಕೈ ತಾಳದಷ್ಟು ಬಿಸಿಯಿದ್ದರೆ ಗಂಟಲಿಗೂ ಅದು ಬೇಡ. ಹಿಡಿ ನಮ್ಮ ಬೆರಳನ್ನು ಕಾಪಾಡುತ್ತದೆ. ಹಿಡಿಯಿಲ್ಲದ ಬಟ್ಟಲು ಗಂಟಲನ್ನು ಕಾಪಾಡುತ್ತದೆ. ಕಕ್ಕಡದ ಮಳೆಯಲ್ಲಿ ಎರಡು ಅಂಗೈಗಳ ನಡುವೆ ಬೆಚ್ಚನೆಯ ಬಟ್ಟಲನ್ನು ಹಿಡಿದು ಕುಳಿತುಕೊಳ್ಳುವ ಸುಖವಂತೂ ಕೊಡಗಿನವರಿಗೆ ಬಿಡಿಸಿ ಹೇಳಬೇಕಾದುದಲ್ಲ.

ಇನ್ನು ಮಾಡುವ ಬಗೆ. ಕೆರೆಯ ತಳದ ಅಥವಾ ಗದ್ದೆಯ ಜೇಡಿಮಣ್ಣನ್ನು ತಂದು ಒಣಗಿಸಿ, ಕುಟ್ಟಿ, ನೆನೆಹಾಕಿ, ಕಲ್ಲು ಬೇರುಗಳನ್ನು ಸೋಸಿ ತೆಗೆಯಬೇಕು. ಬರಿಯ ಜೇಡಿ ಒಣಗುವಾಗ ಸೀಳುತ್ತದೆ. ಆದುದರಿಂದ ನಯವಾದ ಮರಳನ್ನು ಹದವಾಗಿ ಸೇರಿಸಿ ತುಳಿದು ನಾದಬೇಕು. ಒಳಗೆ ಗಾಳಿಯ ಗುಳ್ಳೆಯಾಗಲಿ ಹಸಿಯಾಗಲಿ ಉಳಿದರೆ ಬೆಂಕಿಯಲ್ಲಿ ಪಾತ್ರೆ ಒಡೆಯುವ ಭಯವಿದೆ. ತಿಗರಿಯ ಮೇಲೆ ಮುದ್ದೆಯನ್ನು ನಟ್ಟನಡುವೆ ನಿಲ್ಲಿಸುವುದೇ ಅರ್ಧ ವಿದ್ಯೆ. ನಡು ತಪ್ಪಿದರೆ ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಎದ್ದ ಬಟ್ಟಲನ್ನು ದಾರದಿಂದ ಕೊಯ್ದು ನೆರಳಿನಲ್ಲಿ ಆರಿಸುತ್ತಾರೆ. ಒಣಗಿ ಬೇಯುವ ವೇಳೆಗೆ ಅದು ಸುಮಾರು ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಆದುದರಿಂದ ಕುಂಬಾರನು ಬೇಕಾದ ಅಳತೆಗಿಂತ ದೊಡ್ಡದನ್ನೇ ಕಣ್ಣಳತೆಯಲ್ಲಿ ಮಾಡಬೇಕು. ಆರು ಬಟ್ಟಲು ಒಂದೇ ಅಳತೆಗೆ ಬರುವುದೆಂದರೆ ಆರು ಬಾರಿ ಆ ಲೆಕ್ಕ ಸರಿಬಂದಿತೆಂದು ಅರ್ಥ.

ಆವಿಗೆಯಲ್ಲಿ ಕಾವು ಸುಮಾರು 500–600 ಡಿಗ್ರಿಗೆ ಏರಿದಾಗ ಮಣ್ಣಿನ ಕಣದೊಳಗೇ ಬೆರೆತಿದ್ದ ನೀರು ಬಿಟ್ಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಮಣ್ಣಲ್ಲ. ಎಷ್ಟು ನೀರು ಹಾಕಿದರೂ ಮತ್ತೆ ಕೆಸರಾಗದು. ಹಳ್ಳಿಯ ಆವಿಗೆಯ ಸಾಮಾನ್ಯ ಕಾವಿನಲ್ಲಿ ಬೆಂದ ಪಾತ್ರೆ ಗಟ್ಟಿಯಾಗುತ್ತದೆ, ಆದರೆ ಮೈತುಂಬ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. 1,200 ಡಿಗ್ರಿಯನ್ನು ಮೀರಿ ಕಾಯಿಸಿದರೆ ತಕ್ಕ ಜಾತಿಯ ಮಣ್ಣಿನಲ್ಲಿ ಒಂದು ಪಾಲು ಗಾಜಿನಂತೆ ಕರಗಿ ರಂಧ್ರಗಳನ್ನು ಮುಚ್ಚುತ್ತದೆ. ಅದು ಕಲ್ಲಿನಂಥ ಪಾತ್ರೆ. ಪಿಂಗಾಣಿಯೂ ಈ ಹೆಚ್ಚಿನ ಕಾವಿನ ಮಗುವೇ. ರಂಧ್ರವಿರುವ ಮಣ್ಣು ಬಿಸಿಯನ್ನು ನಿಧಾನವಾಗಿ ಹೊರಬಿಡುವುದರಿಂದ ಕೈಗೆ ಹಿತ; ರಂಧ್ರವಿಲ್ಲದ್ದು ತೊಳೆಯಲು ಹಿತ.

ಈ ತತ್ತ್ವ ನಮಗೆ ತಲೆಯ ಮೇಲೆಯೇ ಇದೆ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಹಬ್ಬಿದ ಆ ಕೆಂಪು ಹಂಚು ಕೊಡಗಿನ ಎಷ್ಟೋ ಮನೆಗಳನ್ನು ಹೊದಿಸಿದೆ. ಹಂಚಿಗೂ ಚಹದ ಬಟ್ಟಲಿಗೂ ಇನ್ನೂ ಹತ್ತಿರದ ನಂಟೊಂದುಂಟು. ಜಪಾನಿನಲ್ಲಿ ಚಹಗೋಷ್ಠಿಗೆ ಸರಳತೆಯ ದೀಕ್ಷೆ ಕೊಟ್ಟ ಸೆನ್ ನೊ ರಿಕ್ಯೂ (1522–1591) ತನ್ನ ಬಟ್ಟಲುಗಳನ್ನು ಮಾಡಿಸಿದ್ದು ಚೋಜಿರೊ ಎಂಬ ಹಂಚಿನ ಕೆಲಸಗಾರನಿಂದ ಎಂದು ಹೇಳುತ್ತಾರೆ. ಚೋಜಿರೊ 1574ರಲ್ಲಿ ಮಾಡಿದ ಸಿಂಹವೊಂದು ಈಗಲೂ ಉಳಿದಿದೆ. ಅವನು ಬಟ್ಟಲನ್ನು ತಿಗರಿಯಲ್ಲಿ ತಿರುಗಿಸದೆ ಬರಿಗೈಯಲ್ಲಿ ತಿದ್ದಿದನು. ಕೆಂಪು, ಕಪ್ಪು—ಎರಡೇ ಬಣ್ಣ. ದೊರೆಗಳು ಚಿನ್ನದ ಪಾತ್ರೆ ಮೆರೆಸುತ್ತಿದ್ದ ಕಾಲದಲ್ಲಿ ಹಂಚಿನ ಮಣ್ಣಿಗೆ ಆ ಗೌರವ ಸಂದಿತು.

ಕೆಂಪು ಕಪ್ಪುಗಳ ಮಾತು ಬಂದುದರಿಂದ ಇನ್ನೊಂದು ಸಂಗತಿ. ಕೊಡಗಿನ ಬೆಟ್ಟದ ಇಳಿಜಾರುಗಳಲ್ಲಿ ಜನ ಪಾಂಡವರ ಹೆಸರಿನಿಂದ ಕರೆಯುವ ಕಲ್ಲುಗೋರಿಗಳಿವೆಯಷ್ಟೆ? ಕಬ್ಬಿಣದ ಯುಗದ ಆ ಗೋರಿಗಳಿಗೆ ದಕ್ಷಿಣದೇಶದಲ್ಲೆಲ್ಲ ಗುರುತಾಗಿರುವುದು ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಣ್ಣಿನ ಪಾತ್ರೆ. ಪಾತ್ರೆಯನ್ನು ಬೋರಲಾಗಿ ಇಟ್ಟು, ಬಾಯಿಯನ್ನು ಹೊಟ್ಟಿನಲ್ಲಿ ಹುಗಿದು ಸುಟ್ಟರೆ ಒಳಗೆ ಗಾಳಿಯಾಡದೆ ಕಪ್ಪಾಗುತ್ತದೆ, ಹೊರಗೆ ಗಾಳಿಯಾಡಿ ಕೆಂಪಾಗುತ್ತದೆ ಎಂಬುದು ಅದಕ್ಕೆ ವಿದ್ವಾಂಸರು ಕೊಡುವ ಒಂದು ಮುಖ್ಯ ವಿವರಣೆ. ಬಣ್ಣ ಹಚ್ಚದೆ ಬೆಂಕಿಯಿಂದಲೇ ಎರಡು ಬಣ್ಣ ತೆಗೆದ ಆ ಕುಶಲಿಗಳು ಎರಡು ಸಾವಿರ ವರ್ಷಗಳ ಹಿಂದಿನವರು.

ಆ ಬೋಕಿಗಳು ಇಂದಿಗೂ ಕರಗಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಕುಡಿದು ಎಸೆದ ಮಣ್ಣಿನ ಬಟ್ಟಲು ಮಣ್ಣಿಗೆ ಮಣ್ಣಾಗುತ್ತದೆಂದು ಎಲ್ಲರೂ ಹೇಳುತ್ತಾರೆ. ಸುಟ್ಟ ಮಣ್ಣು ಹಾಗೆ ಬೇಗ ಮಣ್ಣಾಗುವುದಿಲ್ಲ. ವಿಷವಲ್ಲ, ನಿಜ, ಆದರೆ ಒಂದು ಗುಟುಕಿಗಾಗಿ ಕೆರೆಯ ಮಣ್ಣನ್ನೂ ಹೊರೆ ಸೌದೆಯನ್ನೂ ವ್ಯಯಿಸಿದಂತೆ ಆಗುತ್ತದೆ. 2004ರಲ್ಲಿ ರೈಲ್ವೆ ಮಂತ್ರಿಗಳಾಗಿದ್ದ ಲಾಲೂ ಪ್ರಸಾದರು ನಿಲ್ದಾಣಗಳಲ್ಲಿ ಕುಲ್ಹಡ್ ಎಂಬ ಮಣ್ಣಿನ ಬಟ್ಟಲನ್ನು ಮತ್ತೆ ತಂದಾಗ ಕುಂಬಾರರಿಗೆ ಕೆಲಸ ಸಿಗಲೆಂಬ ಉದ್ದೇಶವಿತ್ತು, ಅದು ಒಳ್ಳೆಯದೇ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟಗಳಿಗೆ ದೇಶದಲ್ಲೆಲ್ಲ ನಿಷೇಧ ಬಂದಿತು. ಅವುಗಳ ಜಾಗಕ್ಕೆ ನುಗ್ಗಿದ ಕಾಗದದ ಲೋಟದ ಒಳಮೈಗೂ ಪ್ಲಾಸ್ಟಿಕ್ಕಿನ ತೆಳುಪೊರೆ ಇರುತ್ತದೆ. 100 ಮಿಲಿಲೀಟರ್ ಬಿಸಿ ದ್ರವ ಅದರಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಖರಗ್‌ಪುರದ ಐ.ಐ.ಟಿ.ಯ ಸಂಶೋಧಕರು ತೋರಿಸಿದ್ದಾರೆ. ಹಾಗಾದರೆ ದಾರಿ ಯಾವುದು? ಎಸೆಯದೆ ತೊಳೆದು ಇಟ್ಟುಕೊಳ್ಳುವ ಬಟ್ಟಲು. ಅಂಥ ಬಟ್ಟಲು ಕಾಲಕ್ಕೆ ಕರಗದಿರುವುದು ದೋಷವಲ್ಲ, ಗುಣ.

ಇಟ್ಟುಕೊಳ್ಳುವುದಕ್ಕೆ ಮೆರುಗು ಬೇಕು. ಸುಟ್ಟ ಮೈಯ ಮೇಲೆ ಮರಳು, ಬೂದಿ, ಲೋಹದ ಭಸ್ಮಗಳ ಗಂಜಿಯನ್ನು ಬಳಿದು ಮತ್ತೆ ಸುಟ್ಟರೆ ಗಾಜಿನ ಪೊರೆಯೊಂದು ಹಿಡಿಯುತ್ತದೆ. ಇಲ್ಲಿಯೇ ಅಪಾಯವೂ ಅಡಗಿದೆ. ಸೀಸ ಸೇರಿಸಿದ ಮೆರುಗು ಕಡಿಮೆ ಕಾವಿನಲ್ಲಿಯೇ ಕರಗಿ ಹೊಳೆಯುತ್ತದೆ, ಸೌದೆ ಉಳಿಯುತ್ತದೆ. ಆದರೆ ಸರಿಯಾಗಿ ಬೇಯದ ಅಂಥ ಮೆರುಗಿನಿಂದ ಹುಳಿಯಾದ ಪದಾರ್ಥ ಸೀಸವನ್ನು ಹೊರಗೆಳೆಯುತ್ತದೆ. ನಿಂಬೆಹಣ್ಣಿನ ಚಹ ಅಂಥದೊಂದು. ಸೀಸಕ್ಕೆ ರುಚಿಯಿಂದ ಸಿಕ್ಕಿಬೀಳುವ ಸ್ವಭಾವವಿಲ್ಲ. ಮಕ್ಕಳ ಬುದ್ಧಿಶಕ್ತಿಗೆ ಅದು ಮಾಡುವ ಹಾನಿ ಮೆಲ್ಲನೆಯದು, ತಿದ್ದಲಾಗದ್ದು. ಆದುದರಿಂದ ಕೊಳ್ಳುವಾಗ ಈ ಕೆಲವು ಸಂಗತಿಗಳನ್ನು ನೆನಪಿಟ್ಟರೆ ಸಾಕು.

ಸೀಸವಿಲ್ಲದ ಮೆರುಗೇ, ಆಹಾರಕ್ಕೆ ತಕ್ಕುದೇ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಅದು ಹೂವಿಡುವ ಪಾತ್ರೆಯೆಂದು ತಿಳಿಯಿರಿ. ಬಟ್ಟಲನ್ನು ಬೋರಲು ಮಾಡಿ ಮೆರುಗಿಲ್ಲದ ಅಡಿಯ ಮೇಲೆ ಒಂದು ಹನಿ ನೀರಿಡಿ. ಒಡನೆ ಹೀರಿದರೆ ಮೈ ರಂಧ್ರಮಯ. ಒಳಗಿನ ಮೆರುಗಿನಲ್ಲಿಯೂ ಕೂದಲೆಳೆಯಂಥ ಬಿರುಕುಗಳಿದ್ದರೆ ಹಾಲು ಬೆರೆತ ಚಹ ಅಲ್ಲಿ ಇಂಗಿ ಹಳಸುತ್ತದೆ. ಅಂಗೈಯಲ್ಲಿಟ್ಟು ಬೆರಳಿನಿಂದ ತಟ್ಟಿ. ಗಟ್ಟಿ ಬಟ್ಟಲು ದನಿಗೊಡುತ್ತದೆ, ಬಿರುಕು ಬಿಟ್ಟದ್ದು ಬೊದ್ದೆಂದು ಸದ್ದು ಮಾಡುತ್ತದೆ. ಮಡಕೆಯ ದನಿಯನ್ನು ಕುಂಬಾರನಷ್ಟು ಬಲ್ಲವರಾರು? ಅದನ್ನು ಬಾರಿಸಿ ಕುಣಿದು ಶಿವನನ್ನೇ ಕುಣಿಸಿದನೆಂಬ ಕುಂಬಾರ ಗುಂಡಯ್ಯನ ಮೇಲೆ ಹರಿಹರನು ರಗಳೆಯನ್ನೇ ಬರೆದಿದ್ದಾನೆ. ಮೆರುಗಿಲ್ಲದ ಬಟ್ಟಲು ಇಷ್ಟವಾದರೆ ನಮ್ಮ ತಾಯಂದಿರು ಹೊಸ ಮಡಕೆಯನ್ನು ಪಳಗಿಸುವಂತೆ ಗಂಜಿಯ ತಿಳಿಯಲ್ಲಿ ಕುದಿಸಿ ಆರಿಸಿ; ಅದರಲ್ಲಿ ಹಾಲಿಲ್ಲದ ಚಹವನ್ನು ಮಾತ್ರ ಕುಡಿಯಿರಿ, ತೊಳೆದು ಚೆನ್ನಾಗಿ ಒಣಗಿಸಿ.

ಬಟ್ಟಲಿನ ಜೊತೆಗೆ ಕೆಲವು ಪರಿಕರಗಳೂ ಉಂಟು. ಜಪಾನಿನ ನಾರಾ ಪ್ರಾಂತದ ತಾಕಾಯಾಮದಲ್ಲಿ ಒಂದೇ ಬಿದಿರ ತುಂಡನ್ನು ನೂರರ ಆಸುಪಾಸು ಎಳೆಗಳಾಗಿ ಸೀಳಿ ಚಹದ ಪುಡಿಯನ್ನು ಕಡೆಯುವ ಕುಂಚ ಮಾಡುತ್ತಾರೆ. ನಮ್ಮ ಹಾಲು ಚಹಕ್ಕೆ ಅದು ಬೇಕಿಲ್ಲ. ಆದರೆ ಬಿದಿರನ್ನು ಸೀಳುವ ಕೈ ನಮ್ಮಲ್ಲಿಯೂ ಇದೆ. ಕೊಡಗಿನ ಮೇದರು ಹೆಣೆಯುವ ಮೊರ, ಬುಟ್ಟಿಗಳ ಜೊತೆಗೆ ಆರು ಬಟ್ಟಲು ಹಿಡಿಯುವ ತಟ್ಟೆಯೊಂದನ್ನು ಹೇಳಿ ಹೆಣೆಯಿಸಿದರೆ ಅದು ಅಂಗಡಿಯ ಪ್ಲಾಸ್ಟಿಕ್ ತಟ್ಟೆಗಿಂತ ಹಗುರ, ನೋಡಲೂ ಚೆಂದ.

ಕೊನೆಗೆ ಬೆಲೆಯ ಮಾತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವು ಯಾರ ಯಾರ ಕೆಲಸಕ್ಕೋ ಹೇಳುತ್ತೇವೆ. ಕುಂಬಾರನಿಗೇ ಅದು ಈಗ ಅಕ್ಷರಶಃ ಸಲ್ಲುತ್ತದೆ. ಅಲ್ಯೂಮಿನಿಯಂ, ಉಕ್ಕು, ಪ್ಲಾಸ್ಟಿಕ್ಕುಗಳ ದೊಣ್ಣೆ ಅವನ ಕಸುಬಿನ ಮೇಲೆ ಬಿದ್ದಿದೆ. ಕೊಡಗಿನಂಥ ಮಳೆನಾಡಿನಲ್ಲಿ ತಿಂಗಳುಗಟ್ಟಲೆ ಹಸಿಪಾತ್ರೆ ಒಣಗದು, ಆವಿಗೆ ಹೊತ್ತದು. ವರುಷದ ದುಡಿಮೆ ಬೇಸಗೆಯಲ್ಲಿಯೇ ಮುಗಿಯಬೇಕು. ಆಸರೆ ಇಲ್ಲವೆಂದಲ್ಲ. ನೆರೆಯ ಪುತ್ತೂರಿನಲ್ಲಿ ಕುಂಬಾರರ ಸಹಕಾರ ಸಂಘವಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಕೇಂದ್ರವಿದೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು, ಅದರಲ್ಲಿ ಉಪಕರಣಕ್ಕೆ 15,000 ರೂಪಾಯಿಗಳವರೆಗೆ ನೆರವುಂಟು. ತಿಗರಿಗೆ ವಿದ್ಯುತ್ತು ಬರಬಹುದು, ತರಬೇತಿ ಸಿಗಬಹುದು. ಕೊಳ್ಳುವ ಕೈ ಇಲ್ಲದಿದ್ದರೆ ತಿಗರಿ ತಿರುಗಿಯೂ ಫಲವಿಲ್ಲ. ಮಗ ತಂದೆಯ ಪಕ್ಕದಲ್ಲಿ ಕುಳಿತು ಮುದ್ದೆಯನ್ನು ನಡುವೆ ನಿಲ್ಲಿಸಲು ಕಲಿಯದಿದ್ದರೆ ಆ ವಿದ್ಯೆಯನ್ನು ಯಾವ ಪುಸ್ತಕದಿಂದಲೂ ಮರಳಿ ತರಲಾಗದು.

ಆದುದರಿಂದ ನಾಲ್ಕು ಅಗ್ಗದ ಸೆಟ್ಟುಗಳ ಬದಲು ಮನೆಯ ಜನರಿಗೆ ತಲೆಗೊಂದರಂತೆ ಒಳ್ಳೆಯ ಬಟ್ಟಲನ್ನು ಕೊಳ್ಳಿರಿ. ಸಾಧ್ಯವಾದರೆ ಮಾಡುವವರ ಬಳಿಯೇ, ಮಳೆ ಹಿಡಿಯುವ ಮುನ್ನ ಹೇಳಿಟ್ಟು ಕೊಳ್ಳಿರಿ. ಕಾಫಿಯ ಮನೆಯವರು ಹಿಂದೆ ಸರಿಯಬೇಕಿಲ್ಲ. ಬಟ್ಟಲಿಗೆ ಚಹ ಕಾಫಿಗಳ ಭೇದವಿಲ್ಲ. ಬೆಲ್ಲದ ಕಾಫಿಯೂ ಅದರಲ್ಲಿ ಅಷ್ಟೇ ಹೊತ್ತು ಬೆಚ್ಚಗಿರುತ್ತದೆ.