ಮಡಚಿದ ಹಾಳೆಯ ವರ್ಣಚಿತ್ರ: ಒಂದು ಚಟುವಟಿಕೆ, ಹಲವು ವಿಷಯಗಳ ಕಲಿಕೆ

(ಪ್ರಾಥಮಿಕ ಶಾಲೆಗೆ ಮಕ್ಕಳನ್ನು ದಾಖಲಿಸುವ ಪೋಷಕರ ಮಾಹಿತಿಗಾಗಿ)

ಮಗುವಿನ ಶಾಲಾ ಚೀಲದಿಂದ ಹೊರಬರುವ ಬಣ್ಣದ ಹಾಳೆಗಳನ್ನು ಕಂಡು, ಪಾಠದ ಸಮಯವು ಆಟದಲ್ಲಿ ಕಳೆದುಹೋಗುತ್ತಿದೆಯೆಂದು ಅನೇಕ ಪೋಷಕರು ಭಾವಿಸುವುದುಂಟು. ಹಾಳೆಯನ್ನು ಮಡಚಿ ಬಣ್ಣ ಮೂಡಿಸುವ ಸರಳ ಚಟುವಟಿಕೆಯಲ್ಲಿ ಗಣಿತ, ಪರಿಸರ ಅಧ್ಯಯನ ಮತ್ತು ಭಾಷೆಯ ಕಲಿಕೆ ಹೇಗೆ ಅಡಕವಾಗಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಶಾಲಾ ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಕಲೆಗೆ ಸ್ಥಾನವಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಿಫಾರಸು ಮಾಡಿತು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 29ನೆಯ ಪ್ರಕರಣವು ಚಟುವಟಿಕೆ ಮತ್ತು ಅನ್ವೇಷಣೆಗಳ ಮೂಲಕ, ಶಿಶುಕೇಂದ್ರಿತ ರೀತಿಯಲ್ಲಿ ಕಲಿಕೆ ನಡೆಯಬೇಕೆಂದು ತಿಳಿಸುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಗೊಂಡ ನಲಿ-ಕಲಿ ಪದ್ಧತಿಯೂ ಚಟುವಟಿಕೆಯನ್ನೇ ಆಧರಿಸಿದೆ. ಆದುದರಿಂದ ಇಂತಹ ಚಟುವಟಿಕೆಯು ಪಾಠದ ನಡುವಣ ಬಿಡುವಲ್ಲ, ಪಾಠದ ಭಾಗವೇ ಆಗಿದೆ.

ವಿಧಾನ

1. ಹಾಳೆಯನ್ನು ಸರಿಯಾಗಿ ನಡುವೆ ಮಡಚಿ, ಗೆರೆ ಮೂಡಿಸಿ, ಬಿಡಿಸುವುದು.
2. ಒಂದು ಬದಿಯಲ್ಲಿ ಮಾತ್ರ ಗಟ್ಟಿಯಾಗಿ ಕಲಸಿದ ಬಣ್ಣದ ಹನಿಗಳನ್ನು ಇಡುವುದು.
3. ಇನ್ನೊಂದು ಬದಿಯಲ್ಲಿ ಎಲ್ಲಿ, ಏನು ಮೂಡಬಹುದೆಂದು ಮಗುವಿನಿಂದ ಊಹೆ ಕೇಳುವುದು.
4. ಬಣ್ಣ ಹಸಿಯಾಗಿರುವಾಗಲೇ ಮಡಚಿ, ಅಂಗೈಯಿಂದ ಒತ್ತಿ, ಬಿಡಿಸಿ ನೋಡುವುದು.

ಇವುಗಳಲ್ಲಿ ಮೂರನೆಯ ಹಂತವೇ ಮುಖ್ಯವಾದುದು. ಊಹೆ ಸರಿಯೋ ತಪ್ಪೋ ಎಂಬುದನ್ನು ಹಾಳೆಯೇ ತೋರಿಸುವುದರಿಂದ, ಮಗುವು ಯಾರ ಭಯವೂ ಇಲ್ಲದೆ ತನ್ನ ಉತ್ತರವನ್ನು ತಾನೇ ತಿದ್ದಿಕೊಳ್ಳುತ್ತದೆ. ಈ ಪ್ರಶ್ನೆಯನ್ನು ಕೇಳದಿದ್ದಲ್ಲಿ ಚಟುವಟಿಕೆಯು ಕೇವಲ ಬಣ್ಣ ಹಚ್ಚುವ ಕೆಲಸವಾಗಿ ಉಳಿಯುತ್ತದೆ.

ವಿಷಯವಾರು ಕಲಿಕೆ

ಗಣಿತ: ಮಡಿಕೆಯ ಗೆರೆಯಿಂದ 3 ಸೆಂ.ಮೀ. ದೂರದಲ್ಲಿಟ್ಟ ಹನಿಯು ಇನ್ನೊಂದು ಬದಿಯಲ್ಲಿಯೂ 3 ಸೆಂ.ಮೀ. ದೂರದಲ್ಲಿಯೇ ಮೂಡುತ್ತದೆ. ಮಗುವು ಇದನ್ನು ಅಳತೆಪಟ್ಟಿಯಿಂದ ಅಳೆದು ತಿಳಿಯಬಹುದು. ಸಮಮಿತಿ ರೇಖೆಯ ಪರಿಕಲ್ಪನೆ ಇದೇ ಆಗಿದೆ. ಹಾಳೆಯನ್ನು ಅಡ್ಡಲಾಗಿಯೂ ಮಡಚಿದಾಗ ಒಂದು ಹನಿ ನಾಲ್ಕಾಗುತ್ತದೆ. ಬಣ್ಣದಿಂದ ಬರೆದ ಅಕ್ಷರವು ತಿರುಗುಮುರುಗಾಗಿ ಮೂಡುವುದರಿಂದ, ಅಕ್ಷರಗಳನ್ನು ತಿರುಗಿಸಿ ಬರೆಯುವ ಮಗುವಿಗೆ ಎರಡರ ವ್ಯತ್ಯಾಸವು ಕಣ್ಣೆದುರೇ ಕಾಣುತ್ತದೆ.

ಪರಿಸರ ಅಧ್ಯಯನ ಮತ್ತು ವಿಜ್ಞಾನ: ಹಳದಿ ಮತ್ತು ನೀಲಿ ಸೇರಿ ಹಸಿರಾಗುವುದು ಬಣ್ಣಗಳ ಮಿಶ್ರಣ. ಒಂದು ಬದಿಗೆ ಅರಿಶಿನದ ನೀರು ಬಳಿದು ಒಣಗಿಸಿ, ಇನ್ನೊಂದು ಬದಿಗೆ ಬಟ್ಟೆ ಸಾಬೂನಿನ ನೀರಿನ ಹನಿಗಳನ್ನಿಟ್ಟು ಮಡಚಿದರೆ, ಹನಿ ತಾಗಿದಲ್ಲೆಲ್ಲ ಅರಿಶಿನ ಕೆಂಪಾಗುತ್ತದೆ. ಇದು ರಾಸಾಯನಿಕ ಬದಲಾವಣೆ. ಆರತಿಗೆ ಅರಿಶಿನ ಮತ್ತು ಸುಣ್ಣ ಸೇರಿಸಿ ಓಕುಳಿ ಮಾಡುವಾಗ ನಡೆಯುವುದೂ ಇದೇ. (ಸುಣ್ಣವು ಕಣ್ಣಿಗೆ ಅಪಾಯಕಾರಿಯಾದುದರಿಂದ ಮಕ್ಕಳ ಕೈಗೆ ಕೊಡಬಾರದು.) ಮೂಡಿದ ಚಿತ್ರವನ್ನು ನಿಜವಾದ ಎಲೆಯೊಂದಿಗೆ ಹೋಲಿಸಿದಾಗ, ಎಲೆಯ ಎರಡು ಭಾಗಗಳು ಬಹುಮಟ್ಟಿಗೆ ಹೋಲುತ್ತವೆಯೇ ಹೊರತು ಸಂಪೂರ್ಣ ಒಂದೇ ಅಲ್ಲವೆಂಬುದು ತಿಳಿಯುತ್ತದೆ.

ಭಾಷೆ: ಚಿತ್ರದಲ್ಲಿ ಕಂಡುದನ್ನು ಮಗುವು ಹೇಳುತ್ತದೆ, ಶಿಕ್ಷಕರು ಅದೇ ಮಾತುಗಳನ್ನು ಹಾಳೆಯ ಕೆಳಗೆ ಬರೆಯುತ್ತಾರೆ. ಬರೆಯಲು ಬಾರದ ಮಗುವಿಗೆ ತನ್ನ ಮಾತೇ ಓದಿನ ಪಾಠವಾಗುತ್ತದೆ. ಮನೆಯಲ್ಲಿ ತುಳು, ಉರ್ದು, ಕೊಂಕಣಿ ಅಥವಾ ಲಂಬಾಣಿ ಮಾತನಾಡುವ ಮಗುವು ಮೊದಲು ಮನೆಮಾತಿನಲ್ಲಿ ಹೇಳಿ, ಅನಂತರ ಕನ್ನಡದಲ್ಲಿ ಹೇಳಲು ಅವಕಾಶವಿರಬೇಕು.

ಕಲೆ ಮತ್ತು ಸಂಸ್ಕೃತಿ: ಅಂಗಳದ ರಂಗೋಲಿ, ಧಾರವಾಡ ಭಾಗದ ಕಸೂತಿ ಮುಂತಾದವುಗಳಲ್ಲಿ ಇದೇ ಸಮಮಿತಿಯನ್ನು ಗುರುತಿಸಬಹುದಾಗಿದೆ.

ಗಮನಿಸಬೇಕಾದ ಅಂಶಗಳು

* ಮಾದರಿ ಚಿತ್ರವನ್ನು ಕೊಟ್ಟು ನಕಲು ಮಾಡಿಸಬಾರದು. "ಸುಂದರ", "ಕೆಟ್ಟದು" ಎಂದು ಹಾಳೆಗಳನ್ನು ವಿಂಗಡಿಸಬಾರದು.
* ಒಂದು ಬದಿ ಬಳಸಿದ ಹಾಳೆಯೂ ಸಾಕು. ದುಬಾರಿ ಸಾಮಗ್ರಿಯ ಅಗತ್ಯವಿಲ್ಲ.
* ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ 10 ಶಾಯಿ ಮಚ್ಚೆಗಳ ಪರೀಕ್ಷೆಯನ್ನು ಪ್ರಕಟಿಸಿದರು. ಅದು ತರಬೇತಿ ಪಡೆದ ತಜ್ಞರ ಕಾರ್ಯ. ತರಗತಿಯ ಚಿತ್ರವನ್ನು ನೋಡಿ ಮಗುವಿನ ಸ್ವಭಾವವನ್ನು ಯಾರೂ ನಿರ್ಣಯಿಸಬಾರದು.

ಪೋಷಕರಿಗೆ ಸೂಚನೆ

ಮಗುವು ಹಾಳೆಯನ್ನು ಮನೆಗೆ ತಂದಾಗ "ಎಷ್ಟು ಅಂಕ ಬಂತು?" ಎಂದು ಕೇಳುವ ಬದಲು "ಬಿಡಿಸುವ ಮೊದಲು ಏನು ಬರುತ್ತದೆ ಅಂದುಕೊಂಡಿದ್ದೆ?" ಎಂದು ಕೇಳುವುದು ಸೂಕ್ತ. ಮಗುವು ವಿವರಿಸಿದಲ್ಲಿ ಕಲಿಕೆ ನಡೆದಿದೆಯೆಂದು ತಿಳಿಯಬಹುದು. ವಿವರಿಸದಿದ್ದಲ್ಲಿ ಮಗುವನ್ನು ಗದರಿಸದೆ ಶಿಕ್ಷಕರೊಂದಿಗೆ ಚರ್ಚಿಸಬೇಕು. ಮೇಲ್ಕಂಡ ಅಧಿನಿಯಮದ 24ನೆಯ ಪ್ರಕರಣದನ್ವಯ, ಶಿಕ್ಷಕರು ನಿಯಮಿತವಾಗಿ ಪೋಷಕರ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕಾ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದು ಅವರ ಕರ್ತವ್ಯವಾಗಿರುತ್ತದೆ. ಪೋಷಕರು ಈ ಹಾಳೆಗಳನ್ನು ಜೋಪಾನವಾಗಿಟ್ಟು ಸಭೆಗೆ ತಂದು ಪ್ರಗತಿಯನ್ನು ವಿಚಾರಿಸಬಹುದಾಗಿದೆ.

ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಶಾಲೆಯ ಮುಖ್ಯ ಶಿಕ್ಷಕರನ್ನು ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.