ಎಂಟೇ ಅಕ್ಷರ ನೋಡುವ ಪಾಸ್‌ವರ್ಡ್

ಒಂದೂರಿನಲ್ಲಿರುವ ಕಂಪ್ಯೂಟರಿನ ಪರದೆಯನ್ನು ಇನ್ನೊಂದೂರಿನಿಂದ ತೆರೆದು ಕೆಲಸ ಮಾಡುವುದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಇದಕ್ಕಿರುವ ತಂತ್ರಾಂಶಗಳಲ್ಲಿ ವಿಎನ್‌ಸಿ ಹಳೆಯದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಸಂಶೋಧನಾಲಯದಲ್ಲಿ ಹುಟ್ಟಿದ್ದು, 1998ರಲ್ಲಿ ಮುಕ್ತ ತಂತ್ರಾಂಶವಾಯಿತು. ಲಿನಕ್ಸ್ ಬಳಸುವವರು ಇಂದಿಗೂ ಇದನ್ನು ಬಿಟ್ಟಿಲ್ಲ.

ದೂರದಿಂದ ತೆರೆಯಬೇಕಾದ ಕಂಪ್ಯೂಟರಿನಲ್ಲಿ ಮೊದಲ ಸಲ ವಿಎನ್‌ಸಿ ಸರ್ವರ್ ಚಾಲೂ ಮಾಡಿದಾಗ ಪಾಸ್‌ವರ್ಡ್ ಕೇಳುತ್ತದೆ. ಒತ್ತಿದ ಅಕ್ಷರ ಪರದೆಯಲ್ಲಿ ಕಾಣುವುದಿಲ್ಲ, ಚುಕ್ಕಿಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಗಾಬರಿ ಬೇಡ. ಬರೀ ನೋಡಲು ಬಿಡುವ, ಮುಟ್ಟಲು ಬಿಡದ ಎರಡನೆಯ ಪಾಸ್‌ವರ್ಡ್ ಬೇಕೇ ಎಂದೂ ಕೇಳುತ್ತದೆ. ಪಾಠ ಹೇಳುವವರಿಗೆ ಅದು ಉಪಯೋಗಕ್ಕೆ ಬಂದೀತು.

ಇಲ್ಲೊಂದು ಹಳೆಯ ಮಿತಿ ಇದೆ. ವಿಎನ್‌ಸಿಯ ಮೂಲ ಪದ್ಧತಿ ಪಾಸ್‌ವರ್ಡಿನ ಮೊದಲ ಎಂಟು ಅಕ್ಷರಗಳನ್ನಷ್ಟೇ ನೋಡುತ್ತದೆ. ಬೆಂಗಳೂರು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮುಂದೆ ಅಂಕಿ, ಚಿಹ್ನೆ ಎಲ್ಲ ಸೇರಿಸಿ ಗಟ್ಟಿ ಪಾಸ್‌ವರ್ಡ್ ಇಟ್ಟೆನೆಂದು ನೀವು ನೆಮ್ಮದಿಯಿಂದಿರಬಹುದು. ಊರಿನ ಹೆಸರಿಗೇ ಒಂಬತ್ತು ಅಕ್ಷರ ಬೇಕು. ಕೊನೆಯ ಅಕ್ಷರವೂ ಅದರ ಮುಂದಿನ ಅಂಕಿಗಳೂ ಲೆಕ್ಕಕ್ಕೇ ಇಲ್ಲ. ಹಾಗಾಗಿ ನಿಮ್ಮ ಜಾಣತನವೆಲ್ಲ ಮೊದಲ ಎಂಟರಲ್ಲೇ ಇರಲಿ.

ಈ ಮಿತಿಗೆ ಕಾರಣ ಡಿಇಎಸ್ ಎಂಬ ಗೂಢಲಿಪಿ ವಿಧಾನ. ಅದರ ಕೀಲಿ 56 ಬಿಟ್‌ನದು. ಅಕ್ಷರಕ್ಕೆ ಏಳರಂತೆ ಎಂಟು ಅಕ್ಷರಕ್ಕೆ ಮುಗಿಯಿತು. ನೀವು ಒಳಹೋಗಲು ಕೇಳಿದಾಗ ಸರ್ವರ್ 16 ಬೈಟ್‌ಗಳ ಒಂದು ಸವಾಲು ಕಳಿಸುತ್ತದೆ, ನಿಮ್ಮ ಕಂಪ್ಯೂಟರ್ ಅದನ್ನು ಪಾಸ್‌ವರ್ಡಿನಿಂದ ಗೂಢಗೊಳಿಸಿ ಮರಳಿಸುತ್ತದೆ. ಪಾಸ್‌ವರ್ಡ್ ತಂತಿಯ ಮೇಲೆ ಓಡಾಡುವುದಿಲ್ಲ, ನಿಜ. ಆದರೆ ಸವಾಲು–ಜವಾಬು ಎರಡನ್ನೂ ಕದ್ದು ಕೇಳಿದವನು ಪುರುಸೊತ್ತಿನಲ್ಲಿ ಕೂತು ಒಂದೊಂದೇ ಊಹೆ ಹಾಕಿ ನೋಡಬಹುದು. ಡಿಇಎಸ್ ಕೀಲಿಯನ್ನು 1998ರಲ್ಲೇ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿದ ಯಂತ್ರವೊಂದು 56 ಗಂಟೆಗಳಲ್ಲಿ ಒಡೆದಿತ್ತು. ವಿಎನ್‌ಸಿ ಮುಕ್ತವಾದದ್ದೂ ಅದೇ ವರ್ಷ, ನೋಡಿ! ಮೇಲಾಗಿ, ಒಳಗೆ ಹೋದಮೇಲೆ ಹರಿಯುವ ಪರದೆಯ ಚಿತ್ರ, ಒತ್ತುವ ಕೀಲಿ, ಯಾವುದಕ್ಕೂ ಹಳೆಯ ಪದ್ಧತಿಯಲ್ಲಿ ಮರೆಯಿಲ್ಲ.

ಆದ್ದರಿಂದ ಬಲ್ಲವರು ವಿಎನ್‌ಸಿಯನ್ನು ಅದಿರುವ ಕಂಪ್ಯೂಟರಿನೊಳಗಿನ ಕರೆಗಳನ್ನು ಮಾತ್ರ ಕೇಳಿಸಿಕೊಳ್ಳುವಂತೆ ಕಟ್ಟಿಹಾಕಿ, ಹೊರಗಿನಿಂದ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸುರಂಗದ ಮೂಲಕವೇ ಒಳಹೋಗುತ್ತಾರೆ. ಹೊಸ ಆವೃತ್ತಿಗಳಲ್ಲಿ ಟಿಎಲ್‌ಎಸ್ ಎಂಬ ಗೂಢಲಿಪಿ ರಕ್ಷಣೆಯೂ ಸಿಗುತ್ತದೆ. ಪಾಸ್‌ವರ್ಡೊಂದನ್ನೇ ನಂಬುವುದು, ನನ್ನ ಮಟ್ಟಿಗೆ, ಬಾಗಿಲಿಗೆ ಬರೀ ಪರದೆ ಕಟ್ಟಿ ಊರಿಗೆ ಹೋದಂತೆ.

ವಿಂಡೋಸ್‌ನ ಕತೆ ಬೇರೆ. ಅಲ್ಲಿ ರಿಮೋಟ್ ಡೆಸ್ಕ್‌ಟಾಪಿಗೆಂದು ಪ್ರತ್ಯೇಕ ಪಾಸ್‌ವರ್ಡ್ ಇಲ್ಲ. ಬಳಕೆದಾರನ ಖಾತೆಯದೇ ನಡೆಯುತ್ತದೆ. ಖಾತೆಗೆ ಪಾಸ್‌ವರ್ಡೇ ಇಲ್ಲದಿದ್ದರೆ ದೂರದಿಂದ ಪ್ರವೇಶವಿಲ್ಲ, ಅದು ಮೊದಲಿನಿಂದಲೇ ಇಟ್ಟಿರುವ ಕಟ್ಟುಪಾಡು. ದಿನವೂ ನಾಲ್ಕಂಕಿ ಪಿನ್ ಒತ್ತಿ ಅಭ್ಯಾಸವಾದವರು ಅದನ್ನೇ ಇಲ್ಲೂ ಒತ್ತಿ ಸೋಲುತ್ತಾರೆ. ಪಿನ್ ಅದನ್ನು ಇಟ್ಟ ಯಂತ್ರಕ್ಕಷ್ಟೇ ಸೀಮಿತ. ಹೋಮ್ ಆವೃತ್ತಿಗಂತೂ ಹೊರಗಿನವರನ್ನು ಹೀಗೆ ಒಳಬಿಟ್ಟುಕೊಳ್ಳುವ ಸೌಲಭ್ಯವೇ ಇಲ್ಲ.

ವಿಎನ್‌ಸಿ ಸಾಮಾನ್ಯವಾಗಿ 5900ನೆಯ ಪೋರ್ಟಿನಿಂದ, ಅಂದರೆ ಜಾಲದ ಬಾಗಿಲಿನಿಂದ, ಶುರುವಾಗುತ್ತದೆ, ವಿಂಡೋಸ್‌ನದು 3389. ಇವೆರಡರಲ್ಲಿ ಯಾವುದನ್ನಾದರೂ ನಿಮ್ಮ ರೌಟರ್‌ನಲ್ಲಿ ಇಂಟರ್ನೆಟ್ಟಿಗೆ ನೇರ ತೆರೆದಿಟ್ಟಿದ್ದರೆ, ಪಾಸ್‌ವರ್ಡ್ ಬದಲಿಸುವುದಕ್ಕೂ ಮೊದಲು ಅದನ್ನು ಮುಚ್ಚಿ.