ಎಸಿ ಕೈಕೊಟ್ಟದ್ದು ಯಾವಾಗ?

ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯ ಬಿಸಿಲು 42-43 ಡಿಗ್ರಿ ಮುಟ್ಟುವುದು ಹೊಸತೇನಲ್ಲ. ಗಾಣಗಾಪುರದಲ್ಲಿ ದತ್ತನ ದರ್ಶನ ಮುಗಿಸಿ ಅಫಜಲಪುರದತ್ತ ಹೊರಟ ಹಳೇ ಗಾಡಿಯ ಎಸಿ, ಅರ್ಧ ತಾಸು ತಣ್ಣಗಿದ್ದು ಆಮೇಲೆ ಬಿಸಿಗಾಳಿ ಊದತೊಡಗಿದರೆ ಸಿಗುವ ಸಲಹೆ ಒಂದೇ: ‘ಗ್ಯಾಸ್ ಖಾಲಿ ಆಗ್ಯಾದ, ತುಂಬಸ್ರಿ.’

ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ತುಂಬಿಸಿದರೆ ದುಡ್ಡು ದಂಡ. ಮೇಲಾಗಿ ಹಳೇ ಗಾಡಿಗಳ ಆರ್-134ಎ ಅನಿಲ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಜೋರು.

ಸಾಮಾನ್ಯ ಒತ್ತಡದಲ್ಲಿ ಈ ಅನಿಲ ಕುದಿಯುವುದು ಮೈನಸ್ 26 ಡಿಗ್ರಿಗೆ. ಡ್ಯಾಶ್‌ಬೋರ್ಡಿನ ಹಿಂದೆ ಕುದಿಯುತ್ತ ಒಳಗಿನ ಶಾಖ ಹೀರುತ್ತದೆ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದನ್ನು ಹೊರಗೆ ಬಿಡುತ್ತದೆ. ಆಳಂದದ ತೊಗರಿ ಹೊಲಗಳ ನಡುವೆ ಓಡಾಡುವ ಗಾಡಿಯ ಕಂಡೆನ್ಸರಿನ ರೆಕ್ಕೆಗಳಲ್ಲಿ ಧೂಳು, ಹೊಟ್ಟು ಕೂತರೆ ಶಾಖ ಹೊರಹೋಗದು. ಜೇವರ್ಗಿ ಹೆದ್ದಾರಿಯಲ್ಲಿ ಓಡುವಾಗ ತಂಪು, ಸಂತೆಯಲ್ಲಿ ನಿಂತಾಗ ಸೆಕೆ ಎಂದಾದರೆ ಮೊದಲ ಅನುಮಾನ ಇದರ ಮೇಲೆ, ಇಲ್ಲವೇ ಅದರ ಫ್ಯಾನಿನ ಮೇಲೆ.

ಅರ್ಧ ತಾಸಿನ ಕಾಟದ ಕಥೆ ಬೇರೆ. ಕಂಪ್ರೆಸರಿನ ಮೂತಿಯಲ್ಲಿ ಒಂದು ಕ್ಲಚ್ ತಟ್ಟೆ ಇರುತ್ತದೆ. ಎಸಿ ಒತ್ತಿದಾಗ ವಿದ್ಯುತ್ಕಾಂತ ಅದನ್ನು ‘ಟಕ್’ ಎಂದು ಪುಲ್ಲಿಗೆ ಎಳೆದುಕೊಳ್ಳುತ್ತದೆ. ನಡುವಿನ ಸಂದು ಅರ್ಧ ಮಿಲಿಮೀಟರಿನ ಆಸುಪಾಸು. ವರ್ಷಗಟ್ಟಲೆ ಸವೆದು ಸಂದು ದೊಡ್ಡದಾಗಿರುತ್ತದೆ. ಅತ್ತ ತಾಮ್ರದ ಸುರುಳಿ ಬಿಸಿಯಾದಂತೆ ರೋಧ ಏರಿ, ವಿದ್ಯುತ್ ಇಳಿದು, ಕಾಂತದ ಸೆಳೆತ ಸಾಲದಾಗುತ್ತದೆ. ಗಾಡಿ ತಣಿದರೆ ಮತ್ತೆ ಎಲ್ಲ ಸರಿ! ಮೆಕ್ಯಾನಿಕ್ ನೋಡುವ ಹೊತ್ತಿಗೆ ದೋಷ ಮಾಯ. ಹಾಗಾಗಿ ಕೆಟ್ಟ ಹೊತ್ತಿನಲ್ಲೇ ಬಾನೆಟ್ ತೆಗೆದು, ಕೈ ಹಾಕದೆ, ಪುಲ್ಲಿಯ ಜೊತೆ ತಟ್ಟೆಯೂ ತಿರುಗುತ್ತಿದೆಯೇ ಎಂದು ನೋಡಬೇಕು. ವೈರಿನಲ್ಲಿ 12 ವೋಲ್ಟ್ ಬರುತ್ತಿದ್ದೂ ತಟ್ಟೆ ನಿಂತಿದ್ದರೆ ದೋಷ ಅಲ್ಲೇ. ಎಷ್ಟೋ ಗಾಡಿಗಳಲ್ಲಿ ತೆಳು ಶಿಮ್ ಒಂದನ್ನು ತೆಗೆದರೆ ಸಾಕು; ಹೊಸ ಕಂಪ್ರೆಸರ್ ಬೇಕಿಲ್ಲ.

ಗಾಳಿ ಬಿಸಿಯಾಗದೆ, ಅದರ ರಭಸವೇ ಕುಗ್ಗಿದರೆ ಒಳಗೆ ಮಂಜುಗಡ್ಡೆ ಕಟ್ಟಿದೆ ಎನ್ನಬಹುದು: ಸೆನ್ಸರ್ ಕೆಟ್ಟಿರಬೇಕು, ಇಲ್ಲವೇ ಫಿಲ್ಟರ್ ಕಟ್ಟಿರಬೇಕು. ಕೊಳವೆಯೊಳಗೆ ತೇವ ಸೇರಿ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ಕಂಡಿಯಲ್ಲಿ ಹೆಪ್ಪುಗಟ್ಟಿದರೂ ತಂಪು ಬಂದು ಹೋಗಿ ಮಾಡುತ್ತದೆ. ಆಗ ಡ್ರೈಯರ್ ಬದಲಿಸಿ, ವ್ಯಾಕ್ಯೂಮ್ ಎಳೆಸಬೇಕು. ಪಂಪ್ ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಕದಲದಿದ್ದರೆ ಮಾತ್ರ ಗ್ಯಾಸ್ ಮಾತು.